ಗೇರ್‌ಬಾಕ್ಸ್ ಬದಲಾಯಿತು, ಕ್ಲಚ್ ನೋಡಿದಿರಾ?



ಹುಬ್ಬಳ್ಳಿ, ಬೆಳಗಾವಿ, ವಿಜಯಪುರದ ಕಡೆಯಿಂದ ಕಲಂಬೋಲಿಯ ಉಕ್ಕಿನ ಮಾರುಕಟ್ಟೆಗೆ, ವಾಶಿಯ ಎಪಿಎಂಸಿಗೆ ಲಾರಿ ತರುವ ನಮ್ಮ ಅಣ್ಣಂದಿರು ಪುಣೆ ದಾಟಿದ ಮೇಲೆ ಸಹ್ಯಾದ್ರಿ ಇಳಿದೇ ಬರಬೇಕು. ಖಂಡಾಲಾದ ಬೋರ್ ಘಾಟಿನಂಥ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಬ್ರೇಕ್ ಒಂದೇ ಅಲ್ಲ, ಕೆಳಗಿನ ಗೇರ್ ಕೂಡ. ನಡು ಇಳಿಜಾರಿನಲ್ಲಿ ಕ್ಲಚ್ ಬಿಡದೆ ಗೇರ್ ನ್ಯೂಟ್ರಲ್‌ನಲ್ಲೇ ಉಳಿಯಿತೆನ್ನಿ, ಅಷ್ಟೂ ಭಾರ ಬ್ರೇಕಿನ ಮೇಲೆ. ಡ್ರಮ್ ಕಾದರೆ ಬ್ರೇಕೂ ಹಿಡಿಯುವುದಿಲ್ಲ.

ಆದ್ದರಿಂದ ಗೇರ್‌ಬಾಕ್ಸ್ ಇಳಿಸಿ ಬೇರೆಯದನ್ನು ಕೂರಿಸಿದ ಗಾಡಿಯನ್ನು ಗ್ಯಾರೇಜಿನಿಂದ ಹೊರಗೆ ತರುವ ಮೊದಲು ಹೈಡ್ರಾಲಿಕ್ ಕ್ಲಚ್ ನೋಡಲೇಬೇಕು. ಕುರ್ಲಾದ ಸಿ.ಎಸ್.ಟಿ. ರಸ್ತೆಯಲ್ಲಿ ಹಳೆಯ ಬಿಡಿಭಾಗ ಕೊಂಡು ಹಾಕಿಸಿದ್ದರಂತೂ ಇನ್ನೂ ಜಾಗ್ರತೆ. ಪೆಡಲ್ಲೇ ಇಲ್ಲದ ಆಟೋ ಗೇರಿನ ಗಾಡಿಯನ್ನು ಕೈಗೇರಿಗೆ ಬದಲಿಸಿದ್ದರೆ ಪೆಡಲ್‌ನಿಂದ ಪೈಪಿನವರೆಗೆ ಎಲ್ಲವೂ ಹೊಸ ಜೋಡಣೆ. ಆಗಲೂ ಇದೇ ಪರೀಕ್ಷೆ.

ಒಳಗೆ ನಡೆಯುವುದಿಷ್ಟು. ಪೆಡಲ್ ತುಳಿದಾಗ ಮಾಸ್ಟರ್ ಸಿಲಿಂಡರ್ ದ್ರವವನ್ನು ಪೈಪಿನಲ್ಲಿ ನೂಕುತ್ತದೆ. ಆ ಒತ್ತಡ ಗೇರ್‌ಬಾಕ್ಸ್ ಬಳಿಯ ಸ್ಲೇವ್ ಸಿಲಿಂಡರ್ ತಲುಪಿ, ಫೋರ್ಕ್ ಮತ್ತು ಬೇರಿಂಗ್ ಮೂಲಕ ಕ್ಲಚ್ ಪ್ಲೇಟನ್ನು ಬಿಡಿಸುತ್ತದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪೈಪ್ ಬಿಚ್ಚಿದಾಗ ಒಳಗೆ ಸೇರಿದ ಗಾಳಿಯೇ ಕಾಲಿನ ಬಲವನ್ನು ನುಂಗಿಬಿಡುತ್ತದೆ.

ಪೆಡಲ್ ಮೆತ್ತಗಿದೆಯೇ? ನಾಲ್ಕೈದು ಸಲ ತುಳಿದ ಮೇಲೆ ಗಟ್ಟಿಯಾಗುತ್ತದೆಯೇ? ಹಾಗಿದ್ದರೆ ಏರ್ ಹಿಡಿದಿದೆ. ಪ್ಲೇಟ್ ಹೋಗಿದೆ ಎಂದು ಮತ್ತೆ ಗೇರ್‌ಬಾಕ್ಸ್ ಇಳಿಸಲು ಹೊರಡಬೇಡಿ! ಒಬ್ಬರು ಪೆಡಲ್ ತುಳಿದು ಹಿಡಿದಿರಲಿ, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ನಿಪ್ಪಲ್ ಸಡಿಲಿಸಲಿ. ನಿಪ್ಪಲ್ ಮುಚ್ಚಿದ ಮೇಲೆಯೇ ಕಾಲು ತೆಗೆಯಬೇಕು. ಗುಳ್ಳೆ ನಿಲ್ಲುವವರೆಗೂ ಹೀಗೆ ಮಾಡಿ, ಮೇಲಿನ ಡಬ್ಬಿ ಮಾತ್ರ ಬರಿದಾಗಬಾರದು.

ಡಬ್ಬಿಗೆ ಮುಚ್ಚಳದ ಮೇಲೆ ಬರೆದಿರುವ ದ್ರವವನ್ನೇ ಹಾಕಿ. ಬ್ರೇಕ್ ಫ್ಲೂಯಿಡ್ ಎಂದಿರುವ ಕಡೆ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಉಬ್ಬಿ ಸಿಲಿಂಡರ್ ಕೆಡುತ್ತದೆ. ದೊಡ್ಡ ಲಾರಿಗಳಲ್ಲಿ ಬ್ರೇಕ್ ಗಾಳಿಯದ್ದಾದ್ದರಿಂದ ಈ ದ್ರವ ಇರುವುದು ಕ್ಲಚ್‌ನಲ್ಲಿ ಮಾತ್ರ, ಅದಕ್ಕೇ ಮರೆತುಹೋಗುವುದು. ಇದು ತೇವವನ್ನೂ ಹೀರುತ್ತದೆ. ನಮ್ಮ ಮುಂಬಯಿ ಮಳೆಗಾಲದಲ್ಲಿ ಬಾಯಿ ತೆರೆದಿಟ್ಟ ಡಬ್ಬದ್ದು ಬೇಡ.

ಪೆಡಲ್ ಮೇಲ್ಗಡೆ ಸ್ವಲ್ಪ ಖಾಲಿ ಆಟ ಇರಬೇಕು, ಎಷ್ಟೆಂಬುದು ಕಂಪನಿ ಪುಸ್ತಕದಲ್ಲಿದೆ. ಆಟವೇ ಇಲ್ಲದಿದ್ದರೆ ಪ್ಲೇಟ್ ಜಾರಿ ಸುಡುತ್ತದೆ. ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ, ಒದ್ದೆಯಿದ್ದರೆ ಸೋರಿಕೆ.

ಕೊನೆಗೆ ಸಮತಟ್ಟು ಜಾಗದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ, ಗಾಡಿಯ ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿಕೊಂಡು ಎಂಜಿನ್ ಶುರು ಮಾಡಿ. ಏರ್ ಬೂಸ್ಟರ್ ಇದ್ದರೆ ಗಾಳಿ ತುಂಬುವವರೆಗೆ ಕಾಯಿರಿ. ಪೆಡಲ್ ಪೂರ್ತಿ ತುಳಿದು, ಐದಾರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಕರಕರ ಎಂದರೆ ಕ್ಲಚ್ ಇನ್ನೂ ಪೂರ್ತಿ ಬಿಡುತ್ತಿಲ್ಲ. ಮೆಕ್ಯಾನಿಕ್ “ಓಡಿಸಿದರೆ ಸರಿಹೋಗುತ್ತೆ” ಎಂದರೂ ಆ ಗಾಡಿಗೆ ಲೋಡ್ ಹಾಕಿಸಬೇಡಿ.