ಕುಂಬಳಕಾಯಿಗೆ ಮೂರು ಸವಾಲು

ಒಂದೇ ಕುಂಬಳಕಾಯಿ ಒಂದೇ ಮುಂಜಾನೆ ಮೂರು ಸಲ ಮಾರಾಟವಾದದ್ದನ್ನು ನಾನು ಕಂಡದ್ದು ಹುಬ್ಬಳ್ಳಿಯ ಒಂದು ಸಿಎಸ್‌ಐ ದೇವಾಲಯದ ಅಂಗಳದಲ್ಲಿ. ಮೊದಲ ಸವಾಲು ಹಿಡಿದವರು ನಿವೃತ್ತ ಮಾಸ್ತರರು. ರೊಕ್ಕ ಎಣಿಸಿ ಕೊಟ್ಟರು, ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು, ಮತ್ತೆ ಮೇಜಿನ ಮೇಲೆಯೇ ಇಟ್ಟು “ಇನ್ನೊಮ್ಮೆ ಹಚ್ರೀ” ಎಂದರು. ಎರಡನೆಯ ಸಲ ಹಿಡಿದ ತರುಣನೂ ಹಾಗೆಯೇ ಮಾಡಿದ. ಮೂರನೆಯ ಸಲ ಅದನ್ನು ಕೊಂಡವಳು ಅದನ್ನು ತಂದ ಅಜ್ಜಿಯೇ. ಹಿತ್ತಲಲ್ಲಿ ಬೆಳೆದು, ಸೆರಗಿನಿಂದ ಒರೆಸಿ, ನಸುಕಿನಲ್ಲಿ ಹೊತ್ತು ತಂದು ಪೀಠದ ಮುಂದೆ ಇಟ್ಟಿದ್ದಳು. ಈಗ ಗಂಟು ಬಿಚ್ಚಿ ನೋಟು ತೆಗೆದಳು. “ಯಾಕವ್ವಾ, ನಿಮ್ಮ ಕಾಯಿನ ಅಲ್ಲೇನು ಇದು?” ಎಂದು ಕೇಳಿದೆ. “ತರೂತನಕ ನಂದಿತ್ರಿ. ಇಟ್ಟ ಮ್ಯಾಲೆ ಆತಂದು. ಆತನ ಮನಿದು ಅಂದ್ರ ರೊಕ್ಕ ಕೊಟ್ಟ ತೊಗೋಬೇಕಲ್ರಿ” ಎಂದಳು.

ಅಂದು ಸುಗ್ಗಿ ಹಬ್ಬ, ಪೀಠಕ್ಕೆ ಬಂದ ಕಾಣಿಕೆಗಳ ಲಿಲಾವು. ಪೀಠದ ಮೆಟ್ಟಿಲ ತುಂಬ ಜೋಳದ ತೆನೆ, ಗೋವಿನಜೋಳದ ಗೊಂಚಲು, ಶೇಂಗಾ ಬಳ್ಳಿ, ಬದನೆಕಾಯಿ, ಬಾಳೆಗೊನೆ, ತತ್ತಿಯ ಬುಟ್ಟಿ, ಕಾಲು ಕಟ್ಟಿದ ಒಂದು ಹುಂಜ. ಕಾಗಿನೆಲೆ ಕಡೆಯ ಒಕ್ಕಲು ಮನೆತನದಲ್ಲಿ ಹುಟ್ಟಿದ ನನಗೆ ಈ ಕಾಣಿಕೆಗಳಲ್ಲಿ ಹೊಸದೇನೂ ಇರಲಿಲ್ಲ. ಎಲ್ಲವೂ ನಮ್ಮ ಹೊಲದವೇ. ಆದರೆ ಅವು ಅಲ್ಲಿ, ಆ ಶಿಲುಬೆಯ ಕೆಳಗೆ, ಹಾಗೆ ಸಾಲಾಗಿ ಕೂತದ್ದು ಎಂದಿನಿಂದ, ಯಾರಿಂದ ಎಂದು ತಿಳಿಯಬೇಕೆನಿಸಿತು. ಆ ದಾರಿ ಹಿಡಿದು ಹೋದರೆ ಒಂದು ಕವಲು ಇಂಗ್ಲೆಂಡಿನ ಸಮುದ್ರದಂಡೆಗೆ ಮುಟ್ಟುತ್ತದೆ, ಇನ್ನೊಂದು ಜರ್ಮನಿಯ ಹಳ್ಳಿಗಳಿಗೆ. ಮೂರನೆಯದು ಸುತ್ತಿ ಬಳಸಿ ನನ್ನೂರಿನ ಹೊಲಕ್ಕೇ ಬಂದು ನಿಲ್ಲುತ್ತದೆ.

ಸಮುದ್ರದಂಡೆಯ ಕತೆ ಮೊದಲು. ಇಂಗ್ಲೆಂಡಿನ ನೈರುತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆ, ಅಲ್ಲಿ ಕಡಿದಾದ ಬಂಡೆಗಳ ಮೇಲೆ ಮಾರ್ವೆನ್‌ಸ್ಟೋ ಎಂಬ ಬಡ ಊರು. 1834ರಲ್ಲಿ ರಾಬರ್ಟ್ ಸ್ಟೀಫನ್ ಹಾಕರ್ ಎಂಬ ಪಾದ್ರಿ ಅಲ್ಲಿಗೆ ಬಂದಾಗ ನೂರು ವರ್ಷಕ್ಕೂ ಮಿಕ್ಕಿ ಆ ಊರಿನಲ್ಲಿ ಮನೆ ಮಾಡಿಕೊಂಡು ಉಳಿದ ಪಾದ್ರಿಯೇ ಇರಲಿಲ್ಲ. ಹಡಗು ಬಂಡೆಗೆ ಬಡಿದು ಒಡೆಯುವುದು ಅಲ್ಲಿ ವರ್ಷವರ್ಷದ ಮಾತು. ದಂಡೆಗೆ ಬಂದು ಬಿದ್ದ ನಾವಿಕರ ಹೆಣಗಳನ್ನು ಅಲ್ಲಿಯೇ ಮರಳಿನಲ್ಲಿ ಹೂಳಿಬಿಡುವುದು ರೂಢಿ. ಹಾಕರ್ ಅವನ್ನು ಬಂಡೆ ಹತ್ತಿಸಿ ತಂದು, ಹೆಸರಿಲ್ಲದವರಿಗೂ ಪೂರ್ತಿ ವಿಧಿಯಿಂದ ದೇವಾಲಯದ ಮಣ್ಣಿನಲ್ಲಿ ಇಟ್ಟರು. ಅಂಥವರು ನಲವತ್ತಕ್ಕೂ ಹೆಚ್ಚು. 1842ರಲ್ಲಿ ‘ಕ್ಯಾಲೆಡೋನಿಯಾ’ ಎಂಬ ಹಡಗು ಒಡೆದಾಗ ಅದರ ಮೂತಿಗೆ ಕಟ್ಟಿದ್ದ ಮರದ ಗೊಂಬೆಯನ್ನೇ ಆ ನಾವಿಕರ ಗೋರಿಯ ಗುರುತಾಗಿ ನಿಲ್ಲಿಸಿದರು.

ಮರುವರ್ಷವೇ ಸುಗ್ಗಿಯ ಆರಾಧನೆ. 1843ರ ಅಕ್ಟೋಬರ್ 1, ಭಾನುವಾರ. ಹೊಸ ಗೋದಿ ಬೀಸಿ ಮಾಡಿದ ರೊಟ್ಟಿಯಿಂದ ಅಂದು ಪ್ರಭುಭೋಜನ ನಡೆಯುತ್ತದೆ, ಎಲ್ಲರೂ ಬನ್ನಿ ಎಂದು ಹಾಕರ್ ಊರವರನ್ನು ಕರೆದರು. ಅದು ಅವರ ಸ್ವಂತ ಕಲ್ಪನೆಯೇನಲ್ಲ. ಹಳೆಯ ಇಂಗ್ಲೆಂಡಿನಲ್ಲಿ ಆಗಸ್ಟ್ ಮೊದಲ ದಿನ ಹೊಸ ಹಿಟ್ಟಿನ ರೊಟ್ಟಿಯನ್ನು ದೇವಾಲಯಕ್ಕೆ ತರುವ ‘ಲ್ಯಾಮಸ್’ ಎಂಬ ಹಬ್ಬವಿತ್ತು. ಕಾಲಾಂತರದಲ್ಲಿ ಅದು ಮರೆತೇ ಹೋಗಿತ್ತು. ಹಾಕರ್ ಅದನ್ನು ಎಬ್ಬಿಸಿ ಕೂರಿಸಿದರು.

ಆ ಕಾಲದ ಗಾಳಿಯೂ ಹಾಗೆಯೇ ಬೀಸುತ್ತಿತ್ತು. 1833ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಕೀಬಲ್ ಮಾಡಿದ ಒಂದು ಪ್ರಸಂಗದಿಂದ ಹೊರಟ ಚಳವಳಿ, ಆಂಗ್ಲಿಕನ್ ಸಭೆಯು ತನ್ನ ಪ್ರಾಚೀನ ಕ್ಯಾಥೊಲಿಕ್ ಬೇರನ್ನು ಮತ್ತೆ ನೆನೆಯಬೇಕು ಎಂದಿತು. ಪೀಠಕ್ಕೆ ಅಲಂಕಾರ, ದೀಪ, ಬಣ್ಣದ ನಿಲುವಂಗಿ, ಸಂತರ ದಿನಗಳು, ಪದೇ ಪದೇ ಪ್ರಭುಭೋಜನ ಎಲ್ಲ ಹಿಂದಿರುಗಿದವು. ಆ ಬಗೆಯ ದೇವಾಲಯಗಳಿಗೆ ಆಂಗ್ಲೋ–ಕ್ಯಾಥೊಲಿಕ್ ಎಂಬ ಹೆಸರು ನಿಂತಿತು. ಅವರ ಶರತ್ಕಾಲ ತುಂಬಿದ ಕಾಲ: ಸೆಪ್ಟೆಂಬರ್ 29ಕ್ಕೆ ಮಿಕೇಲ ದೇವದೂತನ ಹಬ್ಬ, ಅಲ್ಲಿಂದ ಸುಗ್ಗಿ, ನವೆಂಬರ್ 1ಕ್ಕೆ ಸಕಲ ಸಂತರು, ಮರುದಿನ ತೀರಿಕೊಂಡವರೆಲ್ಲರ ನೆನಪು. ನಮ್ಮಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಟ್ಟು, ಆ ಮೇಲೆ ಬನ್ನಿ ಮುಡಿದು, ಸೀಗಿ ಹುಣ್ಣಿಮೆಗೆ ಹೊಲಕ್ಕೆ ಹೋಗುತ್ತೇವಲ್ಲ, ಸತ್ತವರೂ ಬೆಳೆಯೂ ಒಂದೇ ಋತುವಿನಲ್ಲಿ ನೆನಪಾಗುವುದು ಅಲ್ಲಿಯೂ ಹೀಗೆಯೇ.

ಈ ಜನ ಅಲಂಕಾರಕ್ಕಷ್ಟೇ ಮನಸ್ಸು ಕೊಟ್ಟರು ಎಂದುಕೊಂಡರೆ ಅವರಿಗೆ ಅನ್ಯಾಯ. ಹಾಕರ್ ತಮ್ಮ ಊರಿನಲ್ಲಿ ವಾರವಾರವೂ ಬಡವರಿಗಾಗಿ ಪೀಠದ ಬಳಿ ಕಾಣಿಕೆ ಎತ್ತುವ ಪದ್ಧತಿ ಹಾಕಿದರು. ಅದನ್ನು ಟೀಕಿಸಿದವರು ‘ದಿ ಟೈಮ್ಸ್’ ಪತ್ರಿಕೆಯ ಒಡೆಯ ಜಾನ್ ವಾಲ್ಟರ್. ಬಂಡೆಯ ತುದಿಯ ಈ ಪಾದ್ರಿ 1844ರಲ್ಲಿ ಅವರಿಗೆ ಬಹಿರಂಗ ಪತ್ರವನ್ನೇ ಬರೆದು ತಮ್ಮ ನಿಲುವನ್ನು ಬಿಡದೆ ಹಿಡಿದರು. ಕೊಡುವುದು ಆರಾಧನೆಯ ಹೊರಗಿನ ಕೆಲಸವಲ್ಲ, ಆರಾಧನೆಯ ಒಳಗಿನದು ಎಂಬ ಆ ಹಟ ನನಗೆ ತುಂಬ ಹಿಡಿಸುತ್ತದೆ. 1857ರಲ್ಲಿ ಸಾಮರ್ಸೆಟ್ ಸೀಮೆಯ ಈಸ್ಟ್ ಬ್ರೆಂಟ್ ಎಂಬಲ್ಲಿ ಇದೇ ಪಂಥದ ಜಾರ್ಜ್ ಡೆನಿಸನ್ ಸುಗ್ಗಿಯ ದಿನ ಇಡೀ ಊರಿಗೆ ಊಟ ಹಾಕಿಸಿದರು. ಆಳು, ಒಡೆಯ ಎಲ್ಲ ಒಂದೇ ಪಂಕ್ತಿ. ಮುಂದೆ ಇಪ್ಪತ್ತು ವರ್ಷದೊಳಗೆ ಹಬ್ಬ ದೇಶದ ತುಂಬ ಹಬ್ಬಿತು. 1862ರಲ್ಲಿ ಅದಕ್ಕೆ ಸಭೆಯಿಂದಲೇ ಆರಾಧನಾ ಕ್ರಮ ಸಿಕ್ಕಿತು.

ಆದರೆ ಹುಬ್ಬಳ್ಳಿಯ ಆ ಅಜ್ಜಿಯ ಹಿರಿಯರಿಗೆ ಸುವಾರ್ತೆ ಹೇಳಿದವರು ಇಂಗ್ಲಿಷರಲ್ಲ. 1834ರಲ್ಲಿ, ಹಾಕರ್ ಮಾರ್ವೆನ್‌ಸ್ಟೋಗೆ ಬಂದ ವರ್ಷವೇ, ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಇವರಲ್ಲಿ ಬಹಳ ಜನ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಒಕ್ಕಲಿಗರ, ಕಸಬುದಾರರ ಮಕ್ಕಳು. ಅವರ ಕಡೆಯೂ ಮಿಕೇಲನ ಹಬ್ಬದ ಆಸುಪಾಸಿನಲ್ಲಿ ಪೀಠದ ಮುಂದೆ ತೆನೆ, ಗಡ್ಡೆ, ಹಣ್ಣು ರಾಶಿ ಹಾಕಿ ವಂದನೆ ಹೇಳುವ ಹಬ್ಬ ಹಿಂದಿನಿಂದಲೂ ಇತ್ತು. ಬೆಳೆಯ ಹಬ್ಬ ಅವರ ಗಂಟಿನಲ್ಲೇ ಬಂದಿತ್ತು.

ಬೆಟಗೇರಿಯ ಹತ್ತಿರ ಮಲಸಮುದ್ರ ಎಂಬಲ್ಲಿ 1841ರಲ್ಲಿ ಅವರು ಒಕ್ಕಲುತನದ ಒಂದು ನೆಲೆ ಕಟ್ಟಲು ನೋಡಿದರು. ಮತ ಬಿಟ್ಟು ಬಂದವನಿಗೆ ಕುಲ ಬಾಗಿಲು ಹಾಕುತ್ತಿತ್ತು, ಮನೆ ತಪ್ಪುತ್ತಿತ್ತು, ಕಸುಬು ತಪ್ಪುತ್ತಿತ್ತು. ಅಂಥವರಿಗೆ ಉಳಲು ನೆಲ ಕೊಡಬೇಕೆಂಬುದು ಯೋಚನೆ. ಅಂದುಕೊಂಡಂತೆ ಅದು ಬೆಳೆಯಲಿಲ್ಲ. ಆಮೇಲಿನ ಮಿಷನ್ ಹೊಲಕ್ಕಿಂತ ಮಗ್ಗವನ್ನೂ ಹಂಚಿನ ಕಾರ್ಖಾನೆಯನ್ನೂ ನಂಬಿತು. ಹೀಗಾಗಿ ನಮ್ಮ ಸೀಮೆಯ ಸುಗ್ಗಿ ಹಬ್ಬದಲ್ಲಿ ಮೊದಲಿನಿಂದಲೂ ಒಂದು ನೋವು ಕೂಡಿಕೊಂಡಿದೆ ಎಂದು ನಾನು ತಿಳಿಯುತ್ತೇನೆ: ತೆನೆ ತಂದವರಲ್ಲಿ ಎಷ್ಟೋ ಮಂದಿಗೆ ಹೊಲವಿರಲಿಲ್ಲ. ಹಿತ್ತಲ ಕುಂಬಳ, ಸಾಕಿದ ಕೋಳಿ, ನೇಯ್ದ ಬಟ್ಟೆ, ಕೈಯಲ್ಲಿ ಏನಿದೆಯೋ ಅದೇ ಅವರ ಸುಗ್ಗಿ. ಇಂದಿಗೂ ಪೀಠದ ಮುಂದೆ ಹೊಲಿದ ಕೌದಿ ಇಟ್ಟರೆ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಇಟ್ಟರೆ ಅದು ಬೆಳೆಯಲ್ಲ ಎಂದು ಯಾರೂ ಅನ್ನುವುದಿಲ್ಲ.

ಈ ಹಬ್ಬದ ಮಾತು ಕನ್ನಡದಲ್ಲಿ ಸಲೀಸಾಗಿ ಕೂತದ್ದಕ್ಕೆ ಇನ್ನೊಂದು ಕಾರಣವಿದೆ. ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ 1831ರ ಹೊತ್ತಿಗೇ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಅದರಲ್ಲಿ ರೂತಳ ಕತೆ. ಗಂಡ ಸತ್ತ ಪರದೇಶಿ ಹೆಣ್ಣು, ಅತ್ತೆಯ ಕೈಬಿಡದೆ ಬಂದವಳು, ಬೆತ್ಲೆಹೇಮಿನ ಹೊಲದಲ್ಲಿ ಕೊಯ್ಲುಗಾರರ ಹಿಂದೆ ಬಿದ್ದ ತೆನೆ ಆರಿಸುತ್ತಾಳೆ. ಕೊಯ್ಯುವಾಗ ಅಂಚಿನ ಬೆಳೆಯನ್ನು ಬಿಡಬೇಕು, ಬಿದ್ದ ತೆನೆಗೆ ತಿರುಗಿ ಕೈ ಹಾಕಬಾರದು, ಅದು ಬಡವರದು ಪರದೇಶಿಯದು ಎಂಬುದು ಅಲ್ಲಿಯ ಧರ್ಮಶಾಸ್ತ್ರ. ಕನ್ನಡ ಬೈಬಲಿನಲ್ಲಿ ರೂತಳ ಆ ಕೆಲಸಕ್ಕೆ ಇರುವ ಶಬ್ದ ‘ಹಕ್ಕಲಾಯುವುದು’. ಹೊಸದಾಗಿ ಕಟ್ಟಿದ ಮಾತಲ್ಲ ಅದು, ನಮ್ಮ ಒಕ್ಕಲಿಗರ ಬಾಯಲ್ಲಿದ್ದ ಮಾತು. ರಾಣೆಬೆನ್ನೂರು, ಬ್ಯಾಡಗಿ ಕಡೆ ಶೇಂಗಾ ಕಿತ್ತ ಹೊಲದಲ್ಲಿ, ಹತ್ತಿ ಬಿಡಿಸಿದ ಹೊಲದಲ್ಲಿ ಹಕ್ಕಲಾಯಲು ಹೋದ ತಾಯಂದಿರಿಗೆ ರೂತ ಯಾರು ಎಂದು ಬೇರೆ ಹೇಳಿಕೊಡಬೇಕಿರಲಿಲ್ಲ.

ಇನ್ನು ನನ್ನೂರಿನ ಹೊಲ. ಸೀಗಿ ಹುಣ್ಣಿಮೆಯ ಹೊತ್ತಿಗೆ ಬೆಳೆ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ, ಬಯಕೆ ತೀರಿಸಬೇಕು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ, ಕಡಬು, ಮೊಸರು ಬುತ್ತಿ ಕಟ್ಟಿಕೊಂಡು ಬಂಡಿ ಹೊಲಕ್ಕೆ ಹೊರಡುತ್ತದೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ. ಆಮೇಲೆ ಅಪ್ಪ ಎಲ್ಲ ಅಡಿಗೆಯನ್ನೂ ಒಟ್ಟು ಕಲಸಿ ಬುಟ್ಟಿಯಲ್ಲಿ ಹಿಡಿದು ಹೊಲದ ಸುತ್ತ ಚರಗ ಚೆಲ್ಲುತ್ತಿದ್ದರು. ಹಿಂದಿನಿಂದ ನಾನು ನೀರು ಹಾಕುತ್ತ ನಡೆಯಬೇಕು. ಇರುವೆಗೆ, ಹಕ್ಕಿಗೆ, ಹುಳಕ್ಕೆ, ಕಾಣದ ಶಕ್ತಿಗಳಿಗೆ ಪಾಲು ಹೋದ ಮೇಲೆಯೇ ನಮ್ಮ ಎಲೆ. ಅಂದು ಹೊಲದ ದಾರಿಯಲ್ಲಿ ಹಾದುಹೋಗುವ ಯಾರನ್ನೂ ಉಣ್ಣದೆ ಮುಂದೆ ಬಿಡುತ್ತಿರಲಿಲ್ಲ. ಕಣದಲ್ಲಿ ರಾಶಿಯಾದಾಗಲೂ ಹಾಗೆಯೇ: ಬಡಿಗ, ಕಮ್ಮಾರ, ಕುಂಬಾರ, ಅಗಸ, ತಳವಾರ ಎಂದು ಆಯ ಅಳೆದುಕೊಟ್ಟು, ದೇವರ ಪಾಲು ತೆಗೆದು, ಉಳಿದದ್ದಕ್ಕೆ ಮನೆಯ ದಾರಿ.

ಮಿಷನ್ನಿನವರು ಚರಗವನ್ನು ಒಪ್ಪಿದವರಲ್ಲ. ಅವರ ಸುಗ್ಗಿ ಹಬ್ಬ ಬೇರೆ ದೇವರಿಗೆ, ಬೇರೆ ನಂಬಿಕೆಯಿಂದ. ಆದರೂ ಬೆಳೆಯಲ್ಲಿ ಮೊದಲ ಹಿಡಿ ತನ್ನದಲ್ಲ ಎಂಬುದು ಹೊಸದಾಗಿ ಬಂದವರು ಕಲಿಸಬೇಕಾದ ಪಾಠವಾಗಿರಲಿಲ್ಲ. ಮಣ್ಣು ಹದವಾಗಿತ್ತು, ಬಂದ ಬೀಜ ಅಲ್ಲಿ ಬೇರು ಬಿಟ್ಟಿತು. ಲಿಲಾವನ್ನೇ ನೋಡಿ. ಮಾರ್ವೆನ್‌ಸ್ಟೋದಲ್ಲಿ ನಡೆದದ್ದು ಹೊಸ ರೊಟ್ಟಿಯ ಪ್ರಭುಭೋಜನ; ಕೂಗಿ ಮಾರುವುದು ಅದರಲ್ಲಿಲ್ಲ. ಇಲ್ಲಿಯ ಜಾತ್ರೆಗಳಲ್ಲಿ ತೇರಿನ ಪಟಕ್ಕೆ, ದೇವರ ಕಾಯಿಗೆ ಸವಾಲು ಕೂಗುವವರ ದನಿಯೇ ನನಗೆ ಹುಬ್ಬಳ್ಳಿಯ ಆ ಅಂಗಳದಲ್ಲಿ ಕೇಳಿಸಿತು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್ ಮತ್ತಿತರ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿತು. ಧಾರವಾಡ ಸೀಮೆಯ ಬಾಸೆಲ್ ಸಭೆಗಳು ಮುಂದೆ ಅದರೊಳಗೆ ಸೇರಿದವು; ಈಗ ಅವು ಕರ್ನಾಟಕ ಉತ್ತರ ಸಭಾಪ್ರಾಂತ. ಹಾಕರ್ ಎಬ್ಬಿಸಿದ ಹಬ್ಬವೂ ವ್ಯುರ್ಟೆಂಬರ್ಗಿನ ಹಬ್ಬವೂ ಹೀಗೆ ಒಂದೇ ಮನೆಯವಾದವು. ಊರೂರಿಗೆ ದಿನ ಬೇರೆ, ಮಳೆ ಬೆಳೆ ನೋಡಿಕೊಂಡು ಸಭಾಪಾಲಕರೂ ಹಿರಿಯರೂ ಗೊತ್ತುಮಾಡುತ್ತಾರೆ.

ಅಂದು ಮೆಟ್ಟಿಲ ಮೇಲೆ ಒಬ್ಬರು ಸೋನಾ ಮಸೂರಿಯ ಇಡೀ ಚೀಲ ಇಟ್ಟಿದ್ದರು. ಪಕ್ಕದಲ್ಲಿ ಒಂದು ಕರವಸ್ತ್ರದ ಗಂಟು, ಅದರೊಳಗೆ ಎರಡು ಹಿಡಿ ರಾಗಿ. ನನಗೆ ಆ ಕ್ಷಣ ಕಾಗಿನೆಲೆಯ ಕನಕದಾಸರು ನೆನಪಾದರು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವೂ ರಾಗಿಯೂ ತಾನು ಮೇಲು ತಾನು ಮೇಲೆಂದು ರಾಮನ ಮುಂದೆ ನಿಲ್ಲುತ್ತವೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸುತ್ತಾನೆ. ಭತ್ತ ಸೊರಗುತ್ತದೆ, ಬಡವರ ರಾಗಿ ಗಟ್ಟಿಯಾಗಿ ಉಳಿಯುತ್ತದೆ, ರಾಮನ ಹೆಸರನ್ನೇ ಪಡೆಯುತ್ತದೆ. ಅಗೆದಾಗ ಸಿಕ್ಕ ಕೊಪ್ಪರಿಗೆ ಹೊನ್ನನ್ನು ತನಗಿಟ್ಟುಕೊಳ್ಳದೆ ಬಾಡದ ಆದಿಕೇಶವನನ್ನು ಕಾಗಿನೆಲೆಗೆ ತರಲು ಸುರಿದರು ಎಂದು ನಮ್ಮೂರ ಹಿರಿಯರು ಹೇಳುವುದೂ ಇದೇ ಕನಕದಾಸರನ್ನು. ಲಿಲಾವು ಕೂಗುವವರು ರಾಗಿಯ ಗಂಟನ್ನು ಅಕ್ಕಿ ಚೀಲದಷ್ಟೇ ಎತ್ತರಕ್ಕೆ ಎತ್ತಿ ತೋರಿಸಿದರು. ಅದಕ್ಕೆ ಎದ್ದ ಬೆಲೆ ಎರಡು ಹಿಡಿ ರಾಗಿಯ ಬೆಲೆಯಲ್ಲ.

ಒಂದು ಮಾತು ಮನಸ್ಸಿಗೆ ಚುಚ್ಚಿತು. ಸಾಲಿನಲ್ಲಿ ಬಂದ ಎಷ್ಟೋ ಕಾಯಿಪಲ್ಲೆ ಹಿಂದಿನ ದಿನದ ಸಂತೆಯದು, ಪೇಟೆಯ ಪ್ಲಾಸ್ಟಿಕ್ ಚೀಲದಲ್ಲೇ ಬಂದದ್ದು. ಊರು ಬೆಳೆದು ಹಿತ್ತಲು ಹೋಯಿತು. ಕೊಂಡು ತಂದವರನ್ನು ದೂರಲು ನನಗೆ ಬಾಯಿಲ್ಲ. ಆದರೆ ಮಕ್ಕಳಿಗಾದರೂ ಒಂದು ಡಬ್ಬಿಯಲ್ಲಿ ನಾಲ್ಕು ಹಸಿಮೆಣಸಿನ ಗಿಡ ಹಚ್ಚಲು ಜೂನ್‌ನಲ್ಲೇ ಹೇಳಿ, ಅಕ್ಟೋಬರಿನಲ್ಲಿ ತರಿಸಿದರೆ ಎಷ್ಟು ಚೆಂದ! ಬ್ಯಾಡಗಿ ಮೆಣಸಿನಕಾಯಿಯ ಸೀಮೆ ನಮ್ಮದು, ಬೀಜಕ್ಕೇನು ಬರ?

ಮಧ್ಯಾಹ್ನದ ಊಟ ಅಂಗಳದಲ್ಲೇ ಆಯಿತು. ಅಕ್ಕಿ, ಬೇಳೆಯಲ್ಲಿ ಒಂದು ಭಾಗ ವಸತಿನಿಲಯದ ಮಕ್ಕಳಿಗೆಂದು ಬೇರೆ ಕಟ್ಟಿಟ್ಟರು, ರೊಕ್ಕ ಎಣಿಸಿ ಪುಸ್ತಕದಲ್ಲಿ ಬರೆದರು. ಅಜ್ಜಿ ಕುಂಬಳಕಾಯಿಯನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟಳು. ದೇವಾಲಯ ಗುಡಿಸುವವರು ಪೀಠದ ಮೆಟ್ಟಿಲಿನಿಂದ ಗುಡಿಸುತ್ತ ಬಂದು, ಉದುರಿದ ಜೋಳವನ್ನೆಲ್ಲ ಕಸದ ಬುಟ್ಟಿಗೆ ಹಾಕದೆ ಬಾಗಿಲಾಚೆಯ ಕಟ್ಟೆಯ ಮೇಲೆ ಕಸಬರಿಗೆಯಿಂದಲೇ ಹರವಿದರು. “ಗುಬ್ಬಿಗಿರಲಿ ಬಿಡ್ರಿ” ಎಂದರು.