ಗೇರ್‌ರಹಿತ ಸ್ಕೂಟರ್‌ಗಳ ಬೆಲ್ಟ್ ಮತ್ತು ಕ್ಲಚ್ ದೋಷಗಳು: ಸವಾರರಿಗೆ ಮಾಹಿತಿ

ಭಾರತದಲ್ಲಿ 1984ರಲ್ಲಿ ಕೈನೆಟಿಕ್ ಹೋಂಡಾ ಹಾಗೂ 2001ರಲ್ಲಿ ಹೋಂಡಾ ಆಕ್ಟಿವಾ ಮಾರುಕಟ್ಟೆಗೆ ಬಂದ ತರುವಾಯ ಗೇರ್‌ರಹಿತ ಸ್ಕೂಟರ್‌ಗಳು ಎಲ್ಲ ವಯೋಮಾನದವರ ನಿತ್ಯ ಸಂಚಾರದ ಸಾಧನವಾಗಿವೆ. ಈ ವಾಹನಗಳಲ್ಲಿ ಸರಪಳಿಯಾಗಲಿ, ಸವಾರರು ಬದಲಿಸಬೇಕಾದ ಗೇರ್ ಆಗಲಿ ಇರುವುದಿಲ್ಲ. ಎಂಜಿನ್ನಿನ ಶಕ್ತಿಯನ್ನು ಹಿಂಬದಿಗೆ ಸಾಗಿಸುವುದು ಒಂದು ರಬ್ಬರ್ ಬೆಲ್ಟ್. ಎಡಬದಿಯ ಮುಚ್ಚಳದೊಳಗೆ ಕಣ್ಣಿಗೆ ಬೀಳದಂತೆ ಇರುವುದರಿಂದ ಅನೇಕ ಸವಾರರು ಅದರತ್ತ ಗಮನ ಹರಿಸುವುದಿಲ್ಲ. ವಾಹನ ದಟ್ಟಣೆಯ ನಡುವೆ ಅಥವಾ ಘಟ್ಟದ ಏರಿನಲ್ಲಿ ಬೆಲ್ಟ್ ತುಂಡಾದಲ್ಲಿ ಸ್ಕೂಟರ್ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಹಿಂದೆ ಬರುವ ವಾಹನದಿಂದ ಅಪಘಾತ ಸಂಭವಿಸುವ ಅಪಾಯವಿರುತ್ತದೆ.

ಬೆಲ್ಟ್ ಮುನ್ಸೂಚನೆಯಿಲ್ಲದೆ ತುಂಡಾಗುವುದು ವಿರಳ. ಅಲ್ಲದೆ, ಅವಧಿಗೆ ಮುನ್ನವೇ ಹಾಳಾದ ಬೆಲ್ಟ್‌ಗೆ ಬೇರೊಂದು ಭಾಗದ ದೋಷವೇ ಕಾರಣವಾಗಿರುವುದುಂಟು. ಆ ಕಾರಣವನ್ನು ಸರಿಪಡಿಸದೆ ಬೆಲ್ಟ್ ಮಾತ್ರ ಬದಲಾಯಿಸಿದಲ್ಲಿ ಹೊಸ ಬೆಲ್ಟ್ ಕೂಡ ಬೇಗನೆ ಹಾಳಾಗುತ್ತದೆ.

1. ಕಾರ್ಯ ನಿರ್ವಹಿಸುವ ವಿಧಾನ

ಎಂಜಿನ್ನಿಗೆ ಜೋಡಿಸಿದ ಮುಂದಿನ ಪುಲ್ಲಿಯನ್ನು ವೇರಿಯೇಟರ್ ಎನ್ನುತ್ತಾರೆ. ಇದರೊಳಗೆ ಸಾಮಾನ್ಯವಾಗಿ ಆರು ರೋಲರ್‌ಗಳಿರುತ್ತವೆ. ಎಂಜಿನ್ನಿನ ವೇಗ ಹೆಚ್ಚಿದಂತೆ ರೋಲರ್‌ಗಳು ಹೊರಕ್ಕೆ ಸರಿದು ಪುಲ್ಲಿಯ ಎರಡು ತಟ್ಟೆಗಳನ್ನು ಪರಸ್ಪರ ಹತ್ತಿರ ತರುತ್ತವೆ. ಆಗ ಬೆಲ್ಟ್ ಮುಂದಿನ ಪುಲ್ಲಿಯ ಅಂಚಿನತ್ತ ಏರುತ್ತದೆ. ಹಿಂದಿನ ಪುಲ್ಲಿಯ ತಟ್ಟೆಗಳು ಸ್ಪ್ರಿಂಗಿನ ಒತ್ತಡವನ್ನು ಮೀರಿ ಅಗಲವಾಗಿ, ಅಲ್ಲಿ ಬೆಲ್ಟ್ ಒಳಕ್ಕೆ ಇಳಿಯುತ್ತದೆ. ಗೇರ್ ಬದಲಾಯಿಸಿದ ಪರಿಣಾಮವು ಹೀಗೆ ತಾನಾಗಿಯೇ ದೊರೆಯುತ್ತದೆ.

ಹಿಂದಿನ ಪುಲ್ಲಿಯೊಂದಿಗೆ ಕ್ಲಚ್ ಇರುತ್ತದೆ. ಪುಲ್ಲಿಯು ನಿಗದಿತ ವೇಗ ತಲುಪಿದಾಗ ಕ್ಲಚ್ ಶೂಗಳು ಹೊರಚಾಚಿ ಡ್ರಮ್ಮನ್ನು ಹಿಡಿಯುತ್ತವೆ. ಆಗ ಮಾತ್ರ ಚಕ್ರ ತಿರುಗುತ್ತದೆ.

2. ದೋಷದ ಲಕ್ಷಣಗಳು ಮತ್ತು ಸಂಭವನೀಯ ಕಾರಣಗಳು

ಅ) ಎಂಜಿನ್ ಶಬ್ದ ಏರಿದರೂ ವೇಗ ಏರದಿರುವುದು: ಬೆಲ್ಟ್ ಅಥವಾ ಕ್ಲಚ್ ಜಾರುತ್ತಿದೆ. ಸುಟ್ಟ ರಬ್ಬರಿನ ವಾಸನೆ ಹಾಗೂ ಮುಚ್ಚಳದೊಳಗೆ ಹೆಚ್ಚಿನ ಕಪ್ಪು ಪುಡಿ ಕಂಡುಬಂದಲ್ಲಿ ಬೆಲ್ಟನ್ನೂ, ಡ್ರಮ್ ಕಾದು ನೀಲಿ ಬಣ್ಣಕ್ಕೆ ತಿರುಗಿದ್ದಲ್ಲಿ ಕ್ಲಚ್ಚನ್ನೂ ಮೊದಲು ಪರೀಕ್ಷಿಸತಕ್ಕದ್ದು.

ಆ) ಮೊದಲಿದ್ದ ಗರಿಷ್ಠ ವೇಗ ದೊರೆಯದಿರುವುದು: ಸವೆದು ಅಗಲ ಕಡಿಮೆಯಾದ ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ಪೂರ್ಣವಾಗಿ ಮೇಲೇರುವುದಿಲ್ಲ. ರೋಲರ್‌ಗಳ ಸವೆತವೂ ಕಾರಣವಾಗಿರಬಹುದು.

ಇ) ಹೊರಡುವಾಗ ನಡುಕ: ಕ್ಲಚ್ ಶೂಗಳು ಅಸಮವಾಗಿ ಸವೆದಿರಬಹುದು ಅಥವಾ ಡ್ರಮ್ಮಿನಲ್ಲಿ ಧೂಳು ಸೇರಿರಬಹುದು.

ಈ) ಎಡಬದಿಯ ಮುಂಭಾಗದಿಂದ ಕಟಕಟ ಶಬ್ದ: ರೋಲರ್‌ಗಳು ಒಂದು ಮಗ್ಗುಲಲ್ಲಿ ಸವೆದು ಚಪ್ಪಟೆಯಾಗಿರಬಹುದು.

ಉ) ಆಕ್ಸಿಲರೇಟರ್ ತಿರುಗಿಸದಿದ್ದರೂ ಸ್ಕೂಟರ್ ಮುಂದೆ ಸಾಗುವುದು: ಕ್ಲಚ್ ಸ್ಪ್ರಿಂಗ್ ಸಡಿಲಗೊಂಡಿರಬಹುದು ಅಥವಾ ಎಂಜಿನ್ನಿನ ಐಡ್ಲಿಂಗ್ ವೇಗ ಹೆಚ್ಚಾಗಿರಬಹುದು. ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ವಾಹನ ಚಾಲೂ ಮಾಡುವವರು ಈ ದೋಷವನ್ನು ಕಡೆಗಣಿಸಬಾರದು.

3. ಬೆಲ್ಟ್ ಬೇಗನೆ ಹಾಳಾಗಲು ಕಾರಣಗಳು

ಎಂಜಿನ್ ಅಥವಾ ಹಿಂದಿನ ಗೇರ್‌ಪೆಟ್ಟಿಗೆಯ ಆಯಿಲ್ ಸೀಲ್ ಸೋರಿ ಬೆಲ್ಟಿಗೆ ಎಣ್ಣೆ ತಗಲುವುದು. ಪುಲ್ಲಿಯ ತಟ್ಟೆಗಳಲ್ಲಿ ಗೀರು ಬಿದ್ದಿರುವುದು. ಬೆಲ್ಟನ್ನು ತಂಪುಗೊಳಿಸುವ ಗಾಳಿಯ ದಾರಿ ಧೂಳಿನಿಂದ ಮುಚ್ಚಿಹೋಗಿರುವುದು. ಮಿತಿಮೀರಿದ ಭಾರ ಹೇರುವುದು ಹಾಗೂ ಆ ಮಾದರಿಗೆ ಸೇರದ ಬೆಲ್ಟ್ ಅಳವಡಿಸುವುದು ಮುಖ್ಯ ಕಾರಣಗಳಾಗಿವೆ. ಮಳೆಗಾಲದಲ್ಲಿ ನಿಂತ ನೀರಿನಲ್ಲಿ ಸಾಗುವಾಗ ಮುಚ್ಚಳದೊಳಗೆ ನೀರು ನುಗ್ಗಿದರೂ ಬೆಲ್ಟ್ ಜಾರುತ್ತದೆ.

ಏರಿನಲ್ಲಿ ಸಿಗ್ನಲ್‌ಗಾಗಿ ಕಾಯುವಾಗ ಬ್ರೇಕ್ ಹಿಡಿಯದೆ ಆಕ್ಸಿಲರೇಟರ್ ಬಲದಿಂದಲೇ ಸ್ಕೂಟರನ್ನು ನಿಲ್ಲಿಸಿಕೊಳ್ಳುವ ರೂಢಿ ಹಲವರಲ್ಲಿದೆ. ಇದರಿಂದ ಕ್ಲಚ್ ಶೂಗಳು ಸುಡುತ್ತವೆ. ಬ್ರೇಕ್ ಹಿಡಿದು ನಿಲ್ಲುವುದೇ ಸರಿಯಾದ ಕ್ರಮ.

4. ತಪಾಸಣೆ ಮತ್ತು ಬದಲಾವಣೆ

ಹಲವು ಮಾದರಿಗಳಲ್ಲಿ ಸುಮಾರು 24,000 ಕಿ.ಮೀ.ಗೆ ಬೆಲ್ಟ್ ಬದಲಾಯಿಸಬೇಕಾಗುತ್ತದೆ. ಆದರೆ ಆಯಾ ವಾಹನದ ಕೈಪಿಡಿಯಲ್ಲಿ ನಮೂದಿಸಿರುವ ಅವಧಿಯೇ ಅಂತಿಮ. ಈ ಕೆಲಸವನ್ನು ನುರಿತ ಮೆಕ್ಯಾನಿಕ್‌ಗಳಿಂದಲೇ ಮಾಡಿಸತಕ್ಕದ್ದು. ಬೆಲ್ಟಿನ ಅಗಲವನ್ನು ಅಳತೆ ಮಾಡಿ ಕೈಪಿಡಿಯ ಕನಿಷ್ಠ ಮಿತಿಯೊಂದಿಗೆ ಹೋಲಿಸಬೇಕು. ಹಲ್ಲುಗಳ ಬುಡದಲ್ಲಿ ಬಿರುಕು, ಅಂಚಿನಲ್ಲಿ ಎದ್ದ ನೂಲು ಅಥವಾ ಎಣ್ಣೆಯ ಕಲೆ ಕಂಡುಬಂದಲ್ಲಿ ಅವಧಿ ಮುಗಿಯದಿದ್ದರೂ ಬೆಲ್ಟ್ ಬದಲಾಯಿಸಬೇಕು. ಬೆಲ್ಟಿನ ಮೇಲೆ ಬಾಣದ ಗುರುತಿದ್ದಲ್ಲಿ ಅದೇ ದಿಕ್ಕಿಗೆ ಅಳವಡಿಸಬೇಕು. ರೋಲರ್‌ಗಳನ್ನು ಬಿಡಿಯಾಗಿ ಬದಲಾಯಿಸದೆ ಇಡೀ ಜೊತೆಯನ್ನೇ ಬದಲಾಯಿಸುವುದು ಸೂಕ್ತ.

ಹಳೆಯ ಭಾಗವನ್ನು ತೋರಿಸುವಂತೆ ಕೇಳುವುದು, ಬೆಲ್ಟ್ ಏಕೆ ಹಾಳಾಯಿತೆಂದು ವಿಚಾರಿಸುವುದು ಹಾಗೂ ರಸೀದಿ ಪಡೆದು ಕಿ.ಮೀ. ಬರೆದಿಡುವುದು ಗ್ರಾಹಕರ ಹಿತದೃಷ್ಟಿಯಿಂದ ಅವಶ್ಯಕ. ಎಂಜಿನ್ ಚಾಲೂ ಇರುವಾಗ ಮುಚ್ಚಳ ತೆರೆಯಬಾರದು. ತಿರುಗುವ ಪುಲ್ಲಿಗೆ ಬೆರಳು, ಸೆರಗು ಅಥವಾ ದುಪಟ್ಟಾ ಸಿಲುಕಿ ಗಂಭೀರ ಗಾಯವಾಗುವ ಸಂಭವವಿದೆ. ಶಬ್ದ ನಿಲ್ಲಿಸಲೆಂದು ಬೆಲ್ಟಿಗೆ ಎಣ್ಣೆ ಹಚ್ಚುವುದು ತಪ್ಪು.

5. ಮಾರ್ಗಮಧ್ಯೆ ಬೆಲ್ಟ್ ತುಂಡಾದಲ್ಲಿ

ಎಂಜಿನ್ ಚಾಲೂ ಇದ್ದು ವಾಹನ ಮುಂದೆ ಸಾಗದಿದ್ದಲ್ಲಿ ಆಕ್ಸಿಲರೇಟರ್ ಬಿಟ್ಟು, ಎಡ ಇಂಡಿಕೇಟರ್ ಹಾಕಿ, ಹಿಂದಿನ ವಾಹನಗಳನ್ನು ಗಮನಿಸುತ್ತ ರಸ್ತೆಯ ಎಡಬದಿಗೆ ಸಾಗಬೇಕು. ನಂತರ ಎಂಜಿನ್ ನಿಲ್ಲಿಸಬೇಕು. ಮತ್ತೆ ಮತ್ತೆ ಚಾಲೂ ಮಾಡಿದಲ್ಲಿ ಬೆಲ್ಟಿನ ತುಂಡುಗಳು ಇತರ ಭಾಗಗಳಿಗೆ ಸಿಲುಕಿ ವೆಚ್ಚ ಹೆಚ್ಚುತ್ತದೆ. ಚಕ್ರ ಬಿಗಿಯಾಗಿದ್ದಲ್ಲಿ ಬಲವಂತವಾಗಿ ತಳ್ಳಬಾರದು.

ಘಟ್ಟದ ಇಳಿಜಾರಿನಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಬೆಲ್ಟ್ ತುಂಡಾದೊಡನೆ ಎಂಜಿನ್ನಿನ ತಡೆ ಇಲ್ಲವಾಗಿ ವಾಹನ ಕೇವಲ ಬ್ರೇಕ್‌ಗಳ ಆಧಾರದ ಮೇಲೆ ಉಳಿಯುತ್ತದೆ. ಎರಡೂ ಬ್ರೇಕ್‌ಗಳನ್ನು ಹದವಾಗಿ ಬಳಸಿ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಆ ಸ್ಥಿತಿಯಲ್ಲಿ ಘಟ್ಟ ಇಳಿಯುವ ಪ್ರಯತ್ನ ಸಲ್ಲದು.

6. ಸವಾರರ ಹೊಣೆ

ಸಾಮಾನ್ಯ ಎಚ್ಚರಿಕೆಯಿಂದ ಪತ್ತೆ ಹಚ್ಚಬಹುದಾಗಿದ್ದ ಅಪಾಯಕಾರಿ ದೋಷವುಳ್ಳ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಮೋಟಾರು ವಾಹನಗಳ ಅಧಿನಿಯಮ, 1988ರ 190ನೇ ಪ್ರಕರಣದಡಿ ದಂಡನೀಯವಾಗಿದೆ. ದೋಷ ತನಗೆ ತಿಳಿದಿರಲಿಲ್ಲ ಎಂಬುದಷ್ಟೇ ಸಮಜಾಯಿಷಿಯಾಗದು.

ಈ ಮೇಲಿನ ವಿವರಣೆಯು ಪೆಟ್ರೋಲ್ ಚಾಲಿತ ಗೇರ್‌ರಹಿತ ಸ್ಕೂಟರ್‌ಗಳಿಗೆ ಸಂಬಂಧಿಸಿದ್ದಾಗಿದೆ. ವಿದ್ಯುತ್ ಚಾಲಿತ ಸ್ಕೂಟರ್‌ಗಳ ರಚನೆ ಬೇರೆಯಾಗಿರುವುದರಿಂದ ಅವುಗಳ ಕೈಪಿಡಿಯನ್ನೇ ಅನುಸರಿಸುವುದು. ಲಕ್ಷಣಗಳು ಕಂಡ ಕೂಡಲೇ ತಪಾಸಣೆ ಮಾಡಿಸಿ, ತಮ್ಮ ಹಾಗೂ ಇತರ ರಸ್ತೆ ಬಳಕೆದಾರರ ಸುರಕ್ಷತೆಗೆ ಸಹಕರಿಸಬೇಕೆಂದು ಸವಾರರಲ್ಲಿ ಕೋರಲಾಗಿದೆ.