ಪಾಸ್‌ಪೋರ್ಟ್ ಜೋಪಾನ: ವಿದೇಶದಲ್ಲಿ ಎಲ್ಲವನ್ನೂ ಒಂದೇ ಚೀಲದಲ್ಲಿಡುವ ಮುನ್ನ

2014ರ ಮಾರ್ಚ್ 8ರಂದು ಕ್ವಾಲಾಲಂಪುರದಿಂದ ಬೀಜಿಂಗ್‌ಗೆ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್ 370 ವಿಮಾನ 239 ಮಂದಿಯೊಂದಿಗೆ ಕಣ್ಮರೆಯಾಯಿತು. ಪ್ರಯಾಣಿಕರ ಪಟ್ಟಿ ಪ್ರಕಟವಾದಾಗ ಅದರಲ್ಲಿ ಇಟಲಿಯ ಒಬ್ಬರ ಹಾಗೂ ಆಸ್ಟ್ರಿಯಾದ ಒಬ್ಬರ ಹೆಸರುಗಳಿದ್ದವು. ಆದರೆ ಅವರಿಬ್ಬರೂ ಆ ವಿಮಾನವನ್ನು ಹತ್ತಿರಲೇ ಇಲ್ಲ, ಕ್ಷೇಮವಾಗಿಯೇ ಇದ್ದರು. ಆಸ್ಟ್ರಿಯಾ ಪ್ರಜೆಯ ಪಾಸ್‌ಪೋರ್ಟ್ 2012ರಲ್ಲಿ, ಇಟಲಿ ಪ್ರಜೆಯದು 2013ರಲ್ಲಿ, ಎರಡೂ ಥಾಯ್ಲೆಂಡ್‌ನಲ್ಲಿ ಕಳುವಾಗಿದ್ದವು. ಅವುಗಳನ್ನು ಹಿಡಿದು ವಿಮಾನ ಹತ್ತಿದವರು ಯುರೋಪ್ ಸೇರಲು ಹೊರಟಿದ್ದ ಇಬ್ಬರು ಇರಾನಿ ಯುವಕರು ಎಂಬುದು ತನಿಖೆಯಿಂದ ತಿಳಿಯಿತು. ಇಟಲಿ ಪ್ರಜೆಯ ಪಾಸ್‌ಪೋರ್ಟ್ ಬಾಡಿಗೆ ಬೈಕಿಗಾಗಿ ಅಂಗಡಿಯೊಂದರಲ್ಲಿ ಒತ್ತೆಯಿಟ್ಟಿದ್ದಾಗ ಕೈತಪ್ಪಿತ್ತೆಂದು ಆಗ ವರದಿಯಾಗಿತ್ತು.

ಕಳುವಾದ ಪಾಸ್‌ಪೋರ್ಟ್‌ಗಳ ವಿವರಗಳನ್ನು ಸಂಗ್ರಹಿಸುವ ವ್ಯವಸ್ಥೆಯನ್ನು ಇಂಟರ್‌ಪೋಲ್ 2002ರಲ್ಲಿಯೇ ಆರಂಭಿಸಿತ್ತು. 2014ರ ವೇಳೆಗೆ ಅದರಲ್ಲಿ 4 ಕೋಟಿಗೂ ಹೆಚ್ಚು ದಾಖಲೆಗಳಿದ್ದವು. ಈ ಎರಡು ಪಾಸ್‌ಪೋರ್ಟ್‌ಗಳೂ ಆ ಪಟ್ಟಿಯಲ್ಲಿದ್ದವು. ಆದರೂ ವಿಮಾನ ನಿಲ್ದಾಣದಲ್ಲಿ ಪಟ್ಟಿಯನ್ನು ನೋಡುವ ಕೆಲಸ ನಡೆಯಲಿಲ್ಲ. ಕಳೆದುಹೋದ ಪಾಸ್‌ಪೋರ್ಟ್ ಕಸದ ಬುಟ್ಟಿ ಸೇರುತ್ತದೆಂದು ಭಾವಿಸುವವರಿಗೆ ಈ ಪ್ರಕರಣ ಒಂದು ಪಾಠ. ಆ ಪುಸ್ತಕಕ್ಕೆ ಮಾರುಕಟ್ಟೆಯಿದೆ. ಮಾಲೀಕನ ಹೆಸರಿನಲ್ಲಿ ಇನ್ನೊಬ್ಬರು ಗಡಿ ದಾಟುವ ಸಾಧ್ಯತೆಯೂ ಇದೆ.

ಕಳೆಯುವುದು ಪುಸ್ತಕವಷ್ಟೇ ಅಲ್ಲ

ಭಾರತೀಯ ಪಾಸ್‌ಪೋರ್ಟ್ ಅದನ್ನು ಹೊಂದಿರುವವರ ಸ್ವಂತ ಆಸ್ತಿಯಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಸದಾ ಕೇಂದ್ರ ಸರ್ಕಾರದ ಆಸ್ತಿ. ಪ್ರಜೆಗೆ ಇರುವುದು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುವ ಹೊಣೆ ಮಾತ್ರ. ಅದನ್ನು ಬೇರೆಯವರ ಬಳಕೆಗೆ ಕೊಡುವುದು ಶಿಕ್ಷಾರ್ಹ ಅಪರಾಧ.

ಪರದೇಶದಲ್ಲಿ ಪಾಸ್‌ಪೋರ್ಟ್ ಕಳೆದಾಗ ಅದರ ಜೊತೆಗೆ ಅಂಟಿಸಿದ ವೀಸಾ ಮತ್ತು ಪ್ರವೇಶದ ಮುದ್ರೆಯೂ ಹೋಗುತ್ತವೆ. ಆ ದೇಶಕ್ಕೆ ನ್ಯಾಯಬದ್ಧವಾಗಿ ಬಂದುದಕ್ಕೆ ಕೈಯಲ್ಲಿದ್ದ ಪುರಾವೆಯೇ ಇಲ್ಲವಾಗುತ್ತದೆ. ಉದಾಹರಣೆಗೆ, ಹದಿನೈದು ದಿನಗಳ ಯುರೋಪ್ ಪ್ರವಾಸಕ್ಕೆ ಹೊರಟ ಬೆಂಗಳೂರಿನ ದಂಪತಿ ಎರಡನೆಯ ದಿನವೇ ಪ್ಯಾರಿಸ್‌ನಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡರೆ ಅವರಿಗೆ ಭಾರತೀಯ ರಾಯಭಾರ ಕಚೇರಿ ಸಾಮಾನ್ಯವಾಗಿ ನೀಡುವುದು ಎಮರ್ಜೆನ್ಸಿ ಸರ್ಟಿಫಿಕೇಟ್ ಎಂಬ ತುರ್ತು ಪ್ರಯಾಣ ಪತ್ರ. ಅದು ಭಾರತಕ್ಕೆ ಹಿಂದಿರುಗಲು ಮಾತ್ರ, ಅದೂ ಒಂದೇ ಬಾರಿಗೆ. ಅದನ್ನು ಹಿಡಿದು ಮುಂದೆ ಲಂಡನ್‌ಗೆ ಹೋಗಲಾಗದು. ಉಳಿದ ಪ್ರವಾಸ, ಮುಂಗಡ ಕಟ್ಟಿದ ಹೋಟೆಲ್ ಬಾಡಿಗೆ ಎಲ್ಲವೂ ಅಲ್ಲಿಗೇ ಮುಗಿದಂತೆ.

ಕೈಯಲ್ಲೋ, ಕೋಣೆಯಲ್ಲೋ?

ಪಾಸ್‌ಪೋರ್ಟನ್ನು ಹೋಟೆಲ್ ಕೋಣೆಯ ಲಾಕರಿನಲ್ಲಿಟ್ಟು ಝೆರಾಕ್ಸ್ ಪ್ರತಿಯೊಂದಿಗೆ ತಿರುಗಾಡಬೇಕು ಎಂಬುದು ಸಾಮಾನ್ಯ ಸಲಹೆ. ಆದರೆ ಇದು ಎಲ್ಲ ದೇಶಗಳಿಗೂ ಹೊಂದುವುದಿಲ್ಲ. ಜಪಾನಿನಲ್ಲಿ ವಿದೇಶಿ ಪ್ರವಾಸಿಗರು ಮೂಲ ಪಾಸ್‌ಪೋರ್ಟನ್ನೇ ಸದಾ ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂದು ಕಾನೂನು ಹೇಳುತ್ತದೆ; ಪೊಲೀಸರು ಕೇಳಿದಾಗ ತೋರಿಸಲೇಬೇಕು. ಅಮೆರಿಕದಲ್ಲಿಯೂ 18 ವರ್ಷ ತುಂಬಿದ ವಿದೇಶಿಯರು ತಮ್ಮ ನೋಂದಣಿಯ ದಾಖಲೆಯನ್ನು ಜೊತೆಗಿಟ್ಟುಕೊಳ್ಳಬೇಕೆಂಬ ನಿಯಮವಿದೆ. ಆದ್ದರಿಂದ ಹೊರಡುವ ಮುನ್ನವೇ ಆಯಾ ದೇಶದ ನಿಯಮವನ್ನು ತಿಳಿದುಕೊಳ್ಳುವುದು ಒಳಿತು.

ಜೊತೆಗೆ ಒಯ್ಯಬೇಕಾದಾಗ ಅಂಗಿಯೊಳಗೆ ಧರಿಸುವ ತೆಳುವಾದ ಚೀಲ ಅಥವಾ ಸೊಂಟದ ಒಳಪಟ್ಟಿ ಸೂಕ್ತ. ಪ್ಯಾಂಟಿನ ಹಿಂಬದಿಯ ಜೇಬು, ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗಿನ ಹೊರಜೇಬು ಎರಡೂ ಬೇಡ. ಕೋಣೆಯಲ್ಲಿಟ್ಟರೆ ಹೊರಡುವ ದಿನ ಲಾಕರಿನಲ್ಲಿಯೇ ಮರೆತು ಬರುವ ಅಪಾಯವೂ ಉಂಟು. ಮರುದಿನ ತೊಡಲೇಬೇಕಾದ ಒಂದು ವಸ್ತುವನ್ನು, ಉದಾಹರಣೆಗೆ ಕೈಗಡಿಯಾರವನ್ನು, ಅದರ ಜೊತೆಗೇ ಇಡುವುದು ಸುಲಭದ ಉಪಾಯ.

ಕುಟುಂಬ ಸಮೇತ ಹೋಗುವವರು ಮಾಡುವ ದೊಡ್ಡ ತಪ್ಪು ಇನ್ನೊಂದಿದೆ. ಎಲ್ಲರ ಪಾಸ್‌ಪೋರ್ಟ್, ಟಿಕೆಟ್, ಹಣ, ಕಾರ್ಡುಗಳು ಮನೆಯ ಯಜಮಾನರ ಒಂದೇ ಚೀಲದಲ್ಲಿರುತ್ತವೆ. ‘ಒಂದೇ ಕಡೆ ಇದ್ದರೆ ಕ್ಷೇಮ’ ಎಂಬುದು ಮನೆಯ ಬೀರುವಿನ ಮಟ್ಟಿಗೆ ಸರಿ. ಪರಊರಿನಲ್ಲಿ ಆ ಒಂದು ಚೀಲ ಹೋದರೆ ಐದು ಮಂದಿ ಒಮ್ಮೆಗೇ ಗುರುತಿಲ್ಲದವರಾಗುತ್ತಾರೆ. ವಯಸ್ಕರು ತಮ್ಮ ತಮ್ಮ ಪಾಸ್‌ಪೋರ್ಟ್ ತಾವೇ ಇಟ್ಟುಕೊಳ್ಳಬೇಕು. ಮಕ್ಕಳದನ್ನು ತಂದೆ ತಾಯಿ ಹಂಚಿಕೊಳ್ಳಬೇಕು.

ಒತ್ತೆಯಿಡುವ ವಸ್ತುವಲ್ಲ

ಥಾಯ್ಲೆಂಡ್‌ನ ಫುಕೆಟ್, ಪಟ್ಟಾಯದಂಥ ಊರುಗಳಲ್ಲಿ ಬೈಕ್ ಬಾಡಿಗೆಗೆ ಕೊಡುವ ಅಂಗಡಿಗಳು ಪಾಸ್‌ಪೋರ್ಟನ್ನು ಒತ್ತೆಯಾಗಿ ಕೇಳುವುದುಂಟು. ವಾಹನಕ್ಕೆ ಗೀರು ಬಿದ್ದಿದೆಯೆಂದು ಹೆಚ್ಚಿನ ಹಣ ಕೇಳಿದಾಗ ಪ್ರವಾಸಿ ಚೌಕಾಸಿ ಮಾಡುವ ಸ್ಥಿತಿಯಲ್ಲಿರುವುದಿಲ್ಲ. ನಗದು ಠೇವಣಿ ಮತ್ತು ಝೆರಾಕ್ಸ್ ಪ್ರತಿಗೆ ಒಪ್ಪುವ ಅಂಗಡಿಯನ್ನೇ ಹುಡುಕಬೇಕು. ಹೋಟೆಲ್‌ಗಳು ನೋಂದಣಿಗಾಗಿ ಪಾಸ್‌ಪೋರ್ಟ್ ಕೇಳುವುದು ಸಹಜ. ವಿವರ ಬರೆದುಕೊಂಡ ಮೇಲೆ ಅಲ್ಲಿಯೇ ನಿಂತು ಹಿಂಪಡೆಯಬೇಕು.

ಜೇಬುಗಳ್ಳರಿಗೆ ಹೆದರಿ ಮುಚ್ಚಿದ ಲೂವ್ರ್

ಜೇಬುಗಳ್ಳತನ ಬಡ ದೇಶಗಳ ಪಿಡುಗೆಂಬ ಕಲ್ಪನೆ ಸರಿಯಲ್ಲ. 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯ ಒಂದು ದಿನ ಬಾಗಿಲು ತೆರೆಯಲಿಲ್ಲ. ಗುಂಪುಗಟ್ಟಿಕೊಂಡು ಬರುವ ಜೇಬುಗಳ್ಳರ ಹಾವಳಿಯನ್ನು ಪ್ರತಿಭಟಿಸಿ ಸಿಬ್ಬಂದಿ ಕೆಲಸ ನಿಲ್ಲಿಸಿದ್ದರು. 2015ರ ಮೇ ತಿಂಗಳಲ್ಲಿ ಐಫೆಲ್ ಗೋಪುರದ ಸಿಬ್ಬಂದಿಯೂ ಇದೇ ಕಾರಣಕ್ಕೆ ಕೆಲಸ ಬಿಟ್ಟು ಹೊರನಡೆದರು. ಬಾರ್ಸಿಲೋನಾದ ಮೆಟ್ರೊ, ರೋಮ್‌ನ ಟರ್ಮಿನಿ ನಿಲ್ದಾಣದಿಂದ ವ್ಯಾಟಿಕನ್ ಕಡೆಗೆ ಹೋಗುವ 64ನೇ ಸಂಖ್ಯೆಯ ಬಸ್ ಈ ವಿಷಯದಲ್ಲಿ ಕುಖ್ಯಾತ.

ಕಳ್ಳರ ತಂತ್ರ ಎಲ್ಲೆಡೆ ಬಹುತೇಕ ಒಂದೇ: ಗಮನವನ್ನು ಬೇರೆಡೆ ಸೆಳೆಯುವುದು. ಒಬ್ಬ ಅರ್ಜಿಯೊಂದಕ್ಕೆ ಸಹಿ ಕೇಳುತ್ತಾನೆ, ಇನ್ನೊಬ್ಬ ಬಟ್ಟೆಯ ಮೇಲೆ ಏನನ್ನೋ ಚೆಲ್ಲಿ ಒರೆಸಲು ಬರುತ್ತಾನೆ, ಮೂರನೆಯವನ ಕೈ ಜೇಬಿನಲ್ಲಿರುತ್ತದೆ. ರೈಲಿನ ಬಾಗಿಲು ಮುಚ್ಚುವ ಕ್ಷಣದಲ್ಲಿ ನೂಕುನುಗ್ಗಲು ಉಂಟುಮಾಡಿ ಇಳಿದುಹೋಗುವವರೂ ಇದ್ದಾರೆ. ಸಾದಾ ಉಡುಪಿನಲ್ಲಿ ಬಂದು ‘ಪೊಲೀಸ್’ ಎಂದು ಹೇಳಿಕೊಂಡು ಪರ್ಸ್ ತೋರಿಸುವಂತೆ ಕೇಳಿದರೆ ಕೊಡಬಾರದು. ಸಮೀಪದ ಠಾಣೆಯಲ್ಲಿಯೇ ತೋರಿಸುವುದಾಗಿ ವಿನಯದಿಂದ ಹೇಳಿದರೆ ನಕಲಿ ಪೊಲೀಸರು ಸಾಮಾನ್ಯವಾಗಿ ಅಲ್ಲಿ ನಿಲ್ಲುವುದಿಲ್ಲ.

ಹಣ, ಕಾರ್ಡ್, ಮೊಬೈಲ್

ಹಣದ ವಿಷಯದಲ್ಲಿಯೂ ಹಂಚಿಡುವುದೇ ಸೂತ್ರ. ದಿನದ ಖರ್ಚಿಗೆ ಬೇಕಾದಷ್ಟು ನಗದು ಮತ್ತು ಒಂದು ಕಾರ್ಡ್ ಜೊತೆಗಿರಲಿ. ಬೇರೊಂದು ಖಾತೆಯ ಇನ್ನೊಂದು ಕಾರ್ಡ್ ಕೋಣೆಯಲ್ಲಿರಲಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದಿಂದಾಗಿ ಕಾರ್ಡಿನ ವಿದೇಶಿ ಬಳಕೆಯನ್ನು ಗ್ರಾಹಕರೇ ಆರಂಭಿಸಲು, ನಿಲ್ಲಿಸಲು ಮತ್ತು ಮಿತಿ ಗೊತ್ತುಪಡಿಸಲು ಅವಕಾಶವಿದೆ. ಕಡಿಮೆ ಮಿತಿ ಇಟ್ಟುಕೊಂಡರೆ ಕಳುವಾದರೂ ನಷ್ಟ ಸೀಮಿತ.

ಮೊಬೈಲ್ ಕಳೆದಾಗಿನ ತೊಂದರೆ ಬಹಳ ಮಂದಿಗೆ ಹೊಳೆಯುವುದಿಲ್ಲ. ಬ್ಯಾಂಕಿನ ಒಟಿಪಿ ಬರುವುದು ಭಾರತದ ಸಿಮ್‌ಗೆ. ಪಾಸ್‌ಪೋರ್ಟಿನ ಚಿತ್ರ, ವಿಮಾನದ ಟಿಕೆಟ್, ಮನೆಯವರ ದೂರವಾಣಿ ಸಂಖ್ಯೆ ಎಲ್ಲವೂ ಅದೇ ಫೋನಿನಲ್ಲಿ. ಫೋನ್ ಹೋದರೆ ಇಮೇಲ್ ತೆರೆಯಲೂ ಒಟಿಪಿ ಬೇಕೆನ್ನುವ ವ್ಯವಸ್ಥೆ ಎದುರಾಗುತ್ತದೆ. ಆದ್ದರಿಂದ ಹಳೆಯ ಪದ್ಧತಿಯ ಕಾಗದವನ್ನು ಕೈಬಿಡಬಾರದು. ಪಾಸ್‌ಪೋರ್ಟಿನ ಮಾಹಿತಿ ಪುಟ, ವಿಳಾಸವಿರುವ ಕೊನೆಯ ಪುಟ, ವೀಸಾ ಮತ್ತು ಪ್ರವೇಶ ಮುದ್ರೆಯ ಪುಟ ಇವುಗಳ ಎರಡು ಪ್ರತಿ, ನಾಲ್ಕು ಭಾವಚಿತ್ರ, ಬ್ಯಾಂಕಿನ ಹಾಗೂ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ ಬರೆದ ಚೀಟಿ ಸೂಟ್‌ಕೇಸಿನಲ್ಲಿರಬೇಕು. ಇನ್ನೊಂದು ಪ್ರತಿ ಊರಿನಲ್ಲಿರುವ ನಂಬಿಕಸ್ಥರ ಬಳಿ ಇರಲಿ.

ಚಿನ್ನ ಮನೆಯಲ್ಲಿರಲಿ

ಮದುವೆ, ಗೃಹಪ್ರವೇಶಗಳಿಗೆಂದು ಮಕ್ಕಳ ಮನೆಗೆ ಹೋಗುವ ಹಿರಿಯರು ಆಭರಣಗಳನ್ನು ಒಯ್ಯುವುದು ಸಾಮಾನ್ಯ. ಭಾರತೀಯ ಮೂಲದವರ ಮನೆಗಳಲ್ಲಿ ಚಿನ್ನವಿರುತ್ತದೆಂಬುದು ಹೊರನಾಡಿನ ಕಳ್ಳರಿಗೂ ಗೊತ್ತು. ಬ್ರಿಟನ್ನಿನ ಪೊಲೀಸರು ದೀಪಾವಳಿಯ ಸಮಯದಲ್ಲಿ ಏಷ್ಯಾ ಮೂಲದ ಕುಟುಂಬಗಳಿಗೆ ಈ ಕುರಿತು ಎಚ್ಚರಿಕೆ ನೀಡುವುದು ರೂಢಿ. ಒಯ್ಯಲೇಬೇಕಾದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆಯುವುದು ಒಳ್ಳೆಯದು. ಹಿಂದಿರುಗುವಾಗ ಅದೇ ಒಡವೆಗೆ ಸುಂಕ ಕೇಳುವ ಪ್ರಸಂಗ ಇದರಿಂದ ತಪ್ಪುತ್ತದೆ.

ಒಡವೆ, ಹಣ, ಲ್ಯಾಪ್‌ಟಾಪ್‌ಗಳನ್ನು ವಿಮಾನದ ಹೊಟ್ಟೆಗೆ ಹೋಗುವ ಲಗೇಜಿನಲ್ಲಿ ಎಂದಿಗೂ ಇಡಬಾರದು. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜು ನಷ್ಟಕ್ಕೆ ವಿಮಾನ ಸಂಸ್ಥೆಯ ಹೊಣೆಗಾರಿಕೆಗೆ ಮಿತಿಯಿದೆ. 2024ರ ಡಿಸೆಂಬರ್ 28ರಿಂದ ಅದು ಪ್ರತಿ ಪ್ರಯಾಣಿಕರಿಗೆ 1,519 ಎಸ್‌ಡಿಆರ್, ಅಂದರೆ ಸುಮಾರು 2,000 ಅಮೆರಿಕನ್ ಡಾಲರ್. ಲಗೇಜಿಗೆ ಹಾನಿಯಾಗಿದ್ದರೆ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಸಲ್ಲಿಸಬೇಕು.

ಕಳೆದಾಗ ಏನು ಮಾಡಬೇಕು?

ಪಾಸ್‌ಪೋರ್ಟ್ ಕಳೆದಿರುವುದು ಖಚಿತವಾದೊಡನೆ ಮೊದಲ ಕೆಲಸ ಸ್ಥಳೀಯ ಪೊಲೀಸರಿಗೆ ದೂರು ನೀಡಿ ಅದರ ಪ್ರತಿಯನ್ನು ಪಡೆಯುವುದು. ರಾಯಭಾರ ಕಚೇರಿಗೂ ವಿಮಾ ಕಂಪನಿಗೂ ಈ ಪ್ರತಿ ಬೇಕೇಬೇಕು. ಅನೇಕ ವಿಮಾ ಪಾಲಿಸಿಗಳು 24 ಗಂಟೆಗಳೊಳಗೆ ದೂರು ದಾಖಲಾಗಿರಬೇಕೆಂಬ ಷರತ್ತು ಹಾಕುತ್ತವೆ.

ಎರಡನೆಯದು ಸಮೀಪದ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಕಚೇರಿಯನ್ನು ಸಂಪರ್ಕಿಸುವುದು. ರಜಾದಿನಗಳಲ್ಲಿಯೂ ತುರ್ತು ದೂರವಾಣಿ ಇರುತ್ತದೆ. ಅರ್ಜಿದಾರರು ಭಾರತೀಯ ಪ್ರಜೆಯೇ ಎಂಬುದನ್ನು ಕಚೇರಿ ದೃಢಪಡಿಸಿಕೊಳ್ಳುತ್ತದೆ. ಹಳೆಯ ಪಾಸ್‌ಪೋರ್ಟಿನ ಸಂಖ್ಯೆ, ನೀಡಿದ ಸ್ಥಳ, ದಿನಾಂಕಗಳಿರುವ ಪ್ರತಿ ಕೈಯಲ್ಲಿದ್ದರೆ ಈ ಕೆಲಸ ಬೇಗ ಮುಗಿಯುತ್ತದೆ. ಪ್ರವಾಸಿಗರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಸಾಕಾದರೆ, ಅಲ್ಲಿಯೇ ಓದುತ್ತಿರುವ ಅಥವಾ ಉದ್ಯೋಗದಲ್ಲಿರುವವರು ಬದಲಿ ಪಾಸ್‌ಪೋರ್ಟಿಗೆ ಅರ್ಜಿ ಸಲ್ಲಿಸಬಹುದು.

ಮೂರನೆಯದು ವೀಸಾ. ಕೆಲವು ದೇಶಗಳಲ್ಲಿ ಹೊಸ ಪ್ರಯಾಣ ಪತ್ರದೊಂದಿಗೆ ವಲಸೆ ಇಲಾಖೆಗೆ ಹೋಗಿ ನಿರ್ಗಮನದ ಅನುಮತಿ ಪಡೆಯಬೇಕಾಗುತ್ತದೆ. ಅಮೆರಿಕದಲ್ಲಿ ತಂಗುವ ಅವಧಿಯನ್ನು ನಿರ್ಧರಿಸುವುದು ಐ-94 ದಾಖಲೆ; ವೀಸಾ ಚೀಟಿ ಕಳೆದರೂ ಆ ಅವಧಿ ಮುಗಿಯುವವರೆಗೆ ಅಲ್ಲಿರಬಹುದು. ಆದರೆ ಹೊರಬಂದು ಮತ್ತೆ ಪ್ರವೇಶಿಸಲು ಹೊಸ ವೀಸಾ ಬೇಕು.

ಒಮ್ಮೆ ‘ಕಳೆದಿದೆ’ ಎಂದು ದೂರು ನೀಡಿದ ಮೇಲೆ ಆ ಪಾಸ್‌ಪೋರ್ಟ್ ರದ್ದಾಗುತ್ತದೆ. ಮರುದಿನ ಸೂಟ್‌ಕೇಸಿನ ಮೂಲೆಯಲ್ಲಿ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ. ಹಾಗಾಗಿ ದೂರು ನೀಡುವ ಮುನ್ನ ಕೋಣೆ, ಬ್ಯಾಗು, ಕುಳಿತಿದ್ದ ಸ್ಥಳಗಳನ್ನು ಸಾವಧಾನದಿಂದ ಹುಡುಕಬೇಕು. ಊರಿಗೆ ಮರಳಿದ ನಂತರ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಸಲ್ಲಿಸಬೇಕು. ಇದಕ್ಕೆ ಸಾಮಾನ್ಯ ಅರ್ಜಿಗಿಂತ ಹೆಚ್ಚಿನ ಶುಲ್ಕವಿದೆ.

ಮಾಲೀಕರ ಬೀರುವಿನಲ್ಲಿ ಪಾಸ್‌ಪೋರ್ಟ್

ಪ್ರವಾಸಿಗರಿಗೆ ಕಳ್ಳರ ಭಯವಾದರೆ, ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರಿಗೆ ಬೇರೆಯೇ ಚಿಂತೆ. ಮಂಗಳೂರು, ಉಡುಪಿ, ಭಟ್ಕಳ ಮುಂತಾದ ಊರುಗಳಿಂದ ಹೋದ ಸಹಸ್ರಾರು ಮಂದಿ ಅಲ್ಲಿದ್ದಾರೆ. ಕೆಲಸಕ್ಕೆ ಸೇರಿದ ದಿನವೇ ಪಾಸ್‌ಪೋರ್ಟನ್ನು ಮಾಲೀಕರು ‘ಜೋಪಾನಕ್ಕೆಂದು’ ಪಡೆದುಕೊಳ್ಳುವ ಅಭ್ಯಾಸ ಬಹುಕಾಲದಿಂದ ನಡೆದುಬಂದಿದೆ. ಸಂಬಳ ಬಾರದಿದ್ದಾಗ, ಊರಿನಲ್ಲಿ ಹೆತ್ತವರು ಕಾಯಿಲೆ ಬಿದ್ದಾಗ ಅದರ ನಿಜವಾದ ಅರ್ಥ ತಿಳಿಯುತ್ತದೆ.

ಆದರೆ ಕಾನೂನು ಕಾರ್ಮಿಕರ ಪರವಾಗಿದೆ. ಕತಾರ್‌ನ 2015ರ 21ನೇ ಕಾಯ್ದೆಯಂತೆ ವಾಸದ ಪರವಾನಗಿಯ ಕೆಲಸ ಮುಗಿದೊಡನೆ ಪಾಸ್‌ಪೋರ್ಟ್ ಹಿಂದಿರುಗಿಸಬೇಕು. ತಪ್ಪಿದರೆ 25,000 ರಿಯಾಲ್‌ವರೆಗೆ ದಂಡ ವಿಧಿಸಬಹುದು. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನು ಕೂಡ ನೌಕರರ ದಾಖಲೆಗಳನ್ನು ತಡೆಹಿಡಿಯುವುದನ್ನು ನಿಷೇಧಿಸಿದೆ. ತೊಂದರೆಗೊಳಗಾದವರು ಅಥವಾ ಅವರ ಮನೆಯವರು ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ‘ಮದದ್’ ವ್ಯವಸ್ಥೆಯಲ್ಲಿ ದೂರು ದಾಖಲಿಸಬಹುದು. ನಿರ್ಗತಿಕ ಸ್ಥಿತಿಯಲ್ಲಿರುವವರನ್ನು ಊರಿಗೆ ಕಳುಹಿಸಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ಪಾಸ್‌ಪೋರ್ಟ್ ಮಾಲೀಕರ ಕೈ ಸೇರುವ ಮುನ್ನ ಅದರ ಎಲ್ಲ ಪುಟಗಳ ಒಂದು ಪ್ರತಿಯನ್ನು ಊರಿಗೆ ಕಳುಹಿಸಿಟ್ಟರೆ ಇಂಥ ದೂರಿಗೆ ಬಲ ಬರುತ್ತದೆ.

ವಿದೇಶಕ್ಕೆ ಹೊರಡುವವರು ಉಪ್ಪಿನಕಾಯಿ, ಚಟ್ನಿಪುಡಿಗಳ ಪೊಟ್ಟಣವನ್ನು ಸೋರದಂತೆ ಎರಡೆರಡು ಬಾರಿ ಸುತ್ತುತ್ತಾರೆ. ಝೆರಾಕ್ಸ್ ಅಂಗಡಿಗೆ ಹೋಗಿಬರಲು ಅದಕ್ಕಿಂತ ಕಡಿಮೆ ಹೊತ್ತು ಸಾಕು. ನಾಲ್ಕು ಹಾಳೆ ಕಾಗದ, ಎರಡು ಕಡೆ ಹಂಚಿಟ್ಟ ಹಣ, ಮೈಮೇಲಿನ ಒಂದು ಒಳಚೀಲ: ಕಳ್ಳತನವನ್ನು ಇವು ಪೂರ್ತಿಯಾಗಿ ತಡೆಯಲಾರವು. ಆದರೆ ಒಂದು ಚೀಲ ಹೋದ ಮಾತ್ರಕ್ಕೆ ಎಲ್ಲವೂ ಹೋಗದಂತೆ ಖಂಡಿತ ನೋಡಿಕೊಳ್ಳುತ್ತವೆ.